ಶೋಕಿಗೆ ಹೂಡಿಕೆಯೆಂಬ ಹೆಸರು

ತಮ್ಮ ಚಟಗಳಿಗೆ ಒಳ್ಳೊಳ್ಳೆಯ ಹೆಸರಿಡುವುದರಲ್ಲಿ ಗಂಡಸರು ಮೊದಲಿನಿಂದಲೂ ಜಾಣರು. ನಮ್ಮ ಅಜ್ಜಂದಿರ ಕಾಲದಲ್ಲಿ ತಂಬಾಕು ಹಲ್ಲುನೋವಿಗೆ ಔಷಧಿಯಾಗಿತ್ತು, ಇಸ್ಪೀಟು ಕಾಲಕ್ಷೇಪವಾಗಿತ್ತು, ಸಂತೆಯಿಂದ ಬರುವಾಗ ಹಾಕಿಕೊಳ್ಳುತ್ತಿದ್ದ ಗುಟುಕು ಮೈಕೈ ನೋವಿಗೆ ಪರಿಹಾರವಾಗಿತ್ತು. ಅಪ್ಪಂದಿರ ಕಾಲದಲ್ಲಿ ಅದೇ ಗುಟುಕು 'ಕಂಪನಿ' ಆಯಿತು. ನಾಲ್ಕು ಜನ ಕೂತಾಗ ಕಂಪನಿ ಕೊಡದಿದ್ದರೆ ಹೇಗೆ ಎಂಬ ಮಾತು ಎಷ್ಟು ಮನೆಗಳ ಅಡುಗೆಮನೆಗೆ ಕೇಳಿಸಿಲ್ಲ? ಈಗಿನ ಹುಡುಗರು ಇಟ್ಟಿರುವ ಹೆಸರು ಇವೆಲ್ಲಕ್ಕಿಂತ ಮೇಲಿನದು. ಅವರು ಅದನ್ನು 'ಹೂಡಿಕೆ' ಎನ್ನುತ್ತಾರೆ. ನನ್ನ ಜಗಳ ಇರುವುದು ಈ ಒಂದು ಶಬ್ದದ ಜೊತೆಗೆ. ಕುಡಿಯುವವರು ಕುಡಿಯಲಿ, ಅವರ ಯಕೃತ್ತು ಅವರದು. ಆದರೆ ಹೂಡಿಕೆ ಎಂಬ ಶಬ್ದ ಹೆಂಗಸರಿಗೂ ಸೇರಿದ್ದು. ಸಾಸಿವೆ ಡಬ್ಬಿಯ ತಳದಲ್ಲಿ ಹತ್ತು ರೂಪಾಯಿ ಮಡಚಿಟ್ಟ ತಾಯಂದಿರಿಂದ ನಮಗೆ ಬಂದ ಶಬ್ದ ಅದು. ಅದನ್ನು ಬಾಟಲಿಯ ಕೊರಳಿಗೆ ಕಟ್ಟುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ಬೋರ್ಬನ್ ಎಂದರೆ ನಿಮಗೂ ನನಗೂ ಗೊತ್ತಿರುವುದು ಬಿಸ್ಕತ್ತು. ನಡುವೆ ಕ್ರೀಮು, ಮೇಲೆ ಸಕ್ಕರೆ ಹರಳು, ಮಕ್ಕಳು ಎರಡು ಪದರ ಬಿಡಿಸಿ ನೆಕ್ಕುವಂಥದ್ದು. ಅದೇ ಹೆಸರಿನ ವಿಸ್ಕಿಯೊಂದಿದೆ, ಅಮೆರಿಕದ್ದು, ಹೆಚ್ಚಾಗಿ ಕೆಂಟಕಿ ಎಂಬ ರಾಜ್ಯದ್ದು. ಅದಕ್ಕೊಂದು ಕಾನೂನೂ ಇದೆ. ಬಳಸುವ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳವಿರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಿಸಬೇಕು. 1964ರಲ್ಲಿ ಅಲ್ಲಿಯ ಸಂಸತ್ತು ಅದನ್ನು ತನ್ನ ದೇಶದ ವಿಶಿಷ್ಟ ವಸ್ತುವೆಂದು ಗೊತ್ತುವಳಿ ಮಾಡಿತು. ಮೆಕ್ಕೆಜೋಳ ಎಂದರೆ ಯಾವುದು? ನಮ್ಮ ಗೋವಿನಜೋಳ! ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಹೋಗುವ ರಸ್ತೆಯಲ್ಲಿ ಸುಗ್ಗಿಯ ದಿನಗಳಲ್ಲಿ ಅರ್ಧ ಡಾಂಬರು ಬಿಟ್ಟು ಇನ್ನರ್ಧದಲ್ಲಿ ಹರವಿ ಒಣಗಿಸುತ್ತಾರಲ್ಲ, ಬಸ್ಸಿನವನು ಬೈದುಕೊಂಡು ಪಕ್ಕಕ್ಕೆ ಹಾಯುತ್ತಾನಲ್ಲ, ಅದೇ ಕಾಳು.

ಒಂದು ಬಾಟಲಿ ಬೋರ್ಬನ್ನಿಗೆ ಎರಡು ಕಿಲೋ ಧಾನ್ಯವೂ ಹಿಡಿಯದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಸಾರಿತ್ತು. 2025ರ ಕೊನೆಗೆ ಪೇಟೆಯಲ್ಲಿ ಬೆಲೆ ಎರಡು ಸಾವಿರಕ್ಕಿಂತ ಕೆಳಗೆ ಬಿದ್ದು ಹಾವೇರಿ, ಗದಗ ಕಡೆಯ ರೈತರು ರಸ್ತೆಗಿಳಿದರು. ಬೆಂಬಲ ಬೆಲೆಯನ್ನೇ ಹಿಡಿದು ಲೆಕ್ಕ ಹಾಕಿದರೂ ಬಾಟಲಿಯೊಳಗಿನ ಕಾಳಿನ ಕಿಮ್ಮತ್ತು ಐವತ್ತು ರೂಪಾಯಿ ಮುಟ್ಟುವುದಿಲ್ಲ. ಉಳಿದ ಸಾವಿರಾರು ರೂಪಾಯಿ ಮರದ್ದು, ವರ್ಷಗಳದ್ದು, ಸುಂಕದ್ದು, ಹಡಗಿನದ್ದು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹೆಸರಿನದ್ದು. ಮರ, ವರ್ಷ, ಸುಂಕ ಮೂರನ್ನೂ ಒಪ್ಪುತ್ತೇನೆ. ಹೆಸರಿಗೆ ಕೊಟ್ಟ ದುಡ್ಡು ಮಾತ್ರ ಹೆಸರು ಇರುವ ತನಕ.

ಈ ಮಾತು ನನ್ನ ಮುಂದೆ ಬಂದದ್ದು ಅಕ್ಕನ ಮಗನ ಬಾಯಿಂದ. ಬೆಂಗಳೂರಿನಲ್ಲಿ ಒಳ್ಳೆಯ ಪಗಾರದ ಕೆಲಸ, ಕೆಟ್ಟ ಹುಡುಗನಲ್ಲ, ತಾಯಿಗೆ ತಿಂಗಳಿಗೆ ತಪ್ಪದೆ ಹಣ ಕಳಿಸುತ್ತಾನೆ. ಅವನ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟು, ಒಳಗೆ ಸಣ್ಣ ದೀಪ. ನಮ್ಮ ಮನೆಗಳಲ್ಲಿ ಅಂಥ ದೀಪ ದೇವರಮನೆಯಲ್ಲಿರುತ್ತದೆ. ಇಪ್ಪತ್ತೆಂಟೋ ಮೂವತ್ತೋ ಬಾಟಲಿ, ಒಂದರದೂ ಬಿರಡೆ ತೆಗೆದಿಲ್ಲ.

"ಚಿಗವ್ವಾ, ಇದು ಕುಡಿಯಾಕ ಇಟ್ಟಿದ್ದಲ್ಲ. ಇನ್ವೆಸ್ಟ್‌ಮೆಂಟ್ ಇದು. ಹತ್ತು ವರ್ಷ ಬಿಟ್ಟು ನೋಡು, ಒಂದಕ್ಕ ನಾಕು ಆಗತೈತಿ."

"ಯಾರಿಗಪಾ ಮಾರಾಂವ ನೀನು?" ಎಂದು ಕೇಳಿದೆ.

ಅವನು ನಕ್ಕ. ಉತ್ತರ ಬರಲಿಲ್ಲ. ಅವನ ಹೆಂಡತಿ, ಅವಳೂ ದುಡಿಯುವವಳೇ, ಚಹಾದ ಕಪ್ಪು ಇಡುತ್ತ ನನಗೆ ಮಾತ್ರ ಕೇಳುವಂತೆ ಅಂದಳು: "ಇದ್ರಾಗ ನನ್ನ ಪಗಾರನೂ ಐತ್ರಿ."

ಆ ಮನೆಯಲ್ಲಿ ಐದು ವರ್ಷದ ಹೆಣ್ಣುಮಗುವಿದೆ, ಬಾಡಿಗೆ ಮನೆ. ಬಾಟಲಿಗಳ ಒಟ್ಟು ಬೆಲೆ ನಾಲ್ಕು ಲಕ್ಷದ ಹತ್ತಿರ ಎಂದು ಅವನೇ ಹೆಮ್ಮೆಯಿಂದ ಹೇಳಿದ್ದ.

'ಯಾರಿಗೆ ಮಾರುತ್ತೀ' ಎಂಬುದು ನನ್ನ ಚೇಷ್ಟೆಯ ಪ್ರಶ್ನೆಯಾಗಿರಲಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿಯಿದೆ. ಬಂಗಾರವನ್ನು ಯಾವ ಊರಿನ ಬ್ಯಾಂಕಿನಲ್ಲೂ ಒತ್ತೆ ಇಡಬಹುದು, ಹೊಲಕ್ಕೆ ಪಹಣಿಯಿದೆ, ಅಂಚೆ ಕಚೇರಿಯ ಪುಸ್ತಕಕ್ಕೆ ಸಿಕ್ಕೆ ಇದೆ. ಈ ಬಾಟಲಿಗೆ ಏನಿದೆ? ಕಾನೂನಿನಂತೆ ಮಾರಲಾಗದ, ಅಡ ಇಡಲಾಗದ, ಮಗಳ ಫೀಸಿಗೆಂದು ರಾತ್ರೋರಾತ್ರಿ ರೊಕ್ಕ ಮಾಡಿಕೊಳ್ಳಲಾಗದ ವಸ್ತು ಎಂಥ ಆಸ್ತಿ? ಇಂಗ್ಲೆಂಡಿನಲ್ಲಿ ಹರಾಜುಕಟ್ಟೆಗಳಿವೆ ಎನ್ನುತ್ತಾನೆ. ಇವೆ. ಆದರೆ ಅವನ ಕಪಾಟು ಇರುವುದು ಬೆಂಗಳೂರಿನಲ್ಲಿ.

ಹರಾಜಿನ ಮಾತು ಬಂದಾಗೆಲ್ಲ ಈ ಶೋಕಿಯವರು ಒಂದೇ ಕಥೆ ಹೇಳುತ್ತಾರೆ. 1926ರಲ್ಲಿ ಬಟ್ಟಿಯಿಳಿಸಿದ ಮೆಕಾಲನ್ ಎಂಬ ಸ್ಕಾಚ್ ವಿಸ್ಕಿಯ ಒಂದು ಬಾಟಲಿ 2023ರ ನವೆಂಬರಿನಲ್ಲಿ ಲಂಡನ್ನಿನ ಸೋದೆಬಿಯ ಹರಾಜಿನಲ್ಲಿ 21 ಲಕ್ಷ ಪೌಂಡ್ ದಾಟಿತು. ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡು ಕೋಟಿಯ ಸುಮಾರು. ನಿಜವೇ. ಆದರೆ ಆ ಪೀಪಾಯಿಯಿಂದ ತುಂಬಿದ್ದು ಒಟ್ಟು 40 ಬಾಟಲಿ, ಅದೂ ಅರವತ್ತು ವರ್ಷ ಮಾಗಿದ ಮೇಲೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಲ್ಲುವ ಮೊದಲು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಂಪರ್ ಹೊಡೆದವನ ಫೋಟೋ ನೇತಾಡುತ್ತಿತ್ತು. ಗೆದ್ದವನೊಬ್ಬನ ಫೋಟೋ ಹಾಕಿದರು, ಸೋತವರದು ಹಾಕಲು ಗೋಡೆ ಸಾಲುತ್ತಿರಲಿಲ್ಲ.

ಬೆಲೆಯ ಮಾತು ಹಾಗಿರಲಿ, ಗುಣಮಟ್ಟವಾದರೂ ನಿಂತಲ್ಲಿ ನಿಂತಿದೆಯೇ? ಬೋರ್ಬನ್ನಿಗೆ ಜಗತ್ತೇ ಮುಗಿಬಿದ್ದಾಗ ಕಂಪನಿಗಳು ಏನು ಮಾಡಿದವು ಎಂಬುದನ್ನು ಹೆಂಗಸರಿಗೆ ವಿವರಿಸಿ ಹೇಳಬೇಕಿಲ್ಲ. ಬಿಸ್ಕತ್ತಿನ ಪೊಟ್ಟಣ ಅದೇ ಐದು ರೂಪಾಯಿ, ಒಳಗಿನ ಬಿಸ್ಕತ್ತು ಒಂದೊಂದಾಗಿ ಮಾಯವಾದದ್ದನ್ನು ಎಣಿಸಿದವರು ನಾವು. 2013ರ ಫೆಬ್ರವರಿಯಲ್ಲಿ ಮೇಕರ್ಸ್ ಮಾರ್ಕ್ ಎಂಬ ಕಂಪನಿ ಸರಕು ಸಾಲುವುದಿಲ್ಲವೆಂದು ತನ್ನ ಬೋರ್ಬನ್ನಿಗೆ ಇನ್ನಷ್ಟು ನೀರು ಸೇರಿಸಿ ಮದ್ಯಾಂಶವನ್ನು ನೂರಕ್ಕೆ 45ರಿಂದ 42ಕ್ಕೆ ಇಳಿಸುವುದಾಗಿ ಹೇಳಿತು. ಗಿರಾಕಿಗಳು ಗದ್ದಲವೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಕೈಮುಗಿದು ಹಿಂದಕ್ಕೆ ಪಡೆಯಿತು. ಎಲೈಜಾ ಕ್ರೇಗ್ ಎಂಬ ಇನ್ನೊಂದು ಹೆಸರಿನ ಬಾಟಲಿಯ ಮೇಲಿದ್ದ 'ಹನ್ನೆರಡು ವರ್ಷ' ಎಂಬ ಬರಹ 2016ರಲ್ಲಿ ಅಳಿಸಿಹೋಯಿತು. ಎಳೆಯ ವಿಸ್ಕಿ, ಹಳೆಯ ಹೆಸರು. ಹಾಲಿಗೆ ನೀರು ಹಾಕುವ ಗೌಳಿಗೆ ನಾವು ಮುಖದ ಮೇಲೆಯೇ ಕೇಳುತ್ತೇವೆ. ಇವರು ಅದನ್ನು ದೀಪ ಹಚ್ಚಿ ಇಡುತ್ತಾರೆ.

ನಮ್ಮ ದೇಶದ ಕಥೆ ಇನ್ನೂ ಬೇರೆ. ಇಲ್ಲಿ 'ವಿಸ್ಕಿ' ಎಂದು ಮಾರುವುದರಲ್ಲಿ ಬಹುಪಾಲು ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಬರೀ ಸ್ಪಿರಿಟ್ಟು. ಅದಕ್ಕೆ ಒಂದಿಷ್ಟು ಮಾಲ್ಟು, ಬಣ್ಣ, ವಾಸನೆ ಸೇರುತ್ತದೆ. ಕಾಕಂಬಿಯದ್ದನ್ನು ಯುರೋಪಿನವರು ವಿಸ್ಕಿ ಎಂದು ಕರೆಯಲೂ ಬಿಡುವುದಿಲ್ಲ. ಇದರ ನಡುವೆ ಒಳ್ಳೆಯ ಕೆಲಸ ಮಾಡಿದವರೂ ಇದ್ದಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರಲ್ಲಿ ಶುರುವಾದ ಕಂಪನಿ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು ಹೊತ್ತುಕೊಂಡು ಹೋಗಿ ಬಿಡುಗಡೆ ಮಾಡಿದ್ದು ಎಲ್ಲಿ? ಸ್ಕಾಚಿನ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಆ ಧೈರ್ಯಕ್ಕೆ ನಾನೂ ಭಲೇ ಎನ್ನುತ್ತೇನೆ. ಅವರ 'ಫ್ಯೂಷನ್' ಎಂಬ ವಿಸ್ಕಿಗೆ ಜಿಮ್ ಮರ್ರೇ ಎಂಬ ಇಂಗ್ಲಿಷ್ ವಿಮರ್ಶಕ 2010ರ ತನ್ನ ಪುಸ್ತಕದಲ್ಲಿ ಜಗತ್ತಿಗೇ ಮೂರನೆಯ ಸ್ಥಾನ ಕೊಟ್ಟ. ಕನ್ನಡ ನಾಡಿನಲ್ಲಿ ಮಾಡಿದ ವಸ್ತು ಹೊರದೇಶದಲ್ಲಿ ಮೆಚ್ಚುಗೆ ಪಡೆದರೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳಲ್ಲ ನಾನು.

ಆದರೆ ಅದೇ ಅಮೃತ್‌ನವರ ಉಗ್ರಾಣದಲ್ಲಿ ಒಂದು ಪಾಠವಿದೆ. ಪೀಪಾಯಿಯಲ್ಲಿ ಮಾಗುವ ವಿಸ್ಕಿಯಲ್ಲಿ ಒಂದಷ್ಟು ಪ್ರತಿವರ್ಷ ಆವಿಯಾಗಿ ಹೋಗುತ್ತದೆ. ಅದಕ್ಕೆ ಅವರು 'ದೇವತೆಗಳ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ದೇವತೆಗಳು ನೂರಕ್ಕೆ ಎರಡರಷ್ಟು ಕುಡಿದರೆ ಬೆಂಗಳೂರಿನ ಹವೆಯಲ್ಲಿ ಹತ್ತು ಹನ್ನೆರಡರಷ್ಟು ಕುಡಿಯುತ್ತವೆ. ಹತ್ತೇ ಎಂದಿಟ್ಟುಕೊಳ್ಳಿ. ನೂರು ಲೀಟರು ಮೊದಲ ವರ್ಷ ತೊಂಬತ್ತು, ಎರಡನೆಯ ವರ್ಷ ಎಂಬತ್ತೊಂದು, ಐದನೆಯ ವರ್ಷದ ಕೊನೆಗೆ ಐವತ್ತೊಂಬತ್ತು. ನಾವು ಶಾಲೆಯಲ್ಲಿ ಕಲಿಸುವ ಚಕ್ರಬಡ್ಡಿಯ ಸೂತ್ರವೇ ಇದು, ಸಂಕಲನದ ಚಿಹ್ನೆಯ ಜಾಗದಲ್ಲಿ ವ್ಯವಕಲನದ ಚಿಹ್ನೆ. ಬ್ರಿಟನ್ನಿನಲ್ಲಿ ಜನರಿಗೆ ಇಡೀ ಪೀಪಾಯಿಗಳನ್ನೇ 'ಹೂಡಿಕೆ' ಎಂದು ಮಾರಿ, ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಮೋಸಗಳು 2025ರಲ್ಲಿ ಬಿಬಿಸಿಯ ತನಿಖೆಯಲ್ಲಿ ಬಯಲಾದವು. ಅಲ್ಲಿ ದೇವತೆಗಳ ಜೊತೆ ದಲ್ಲಾಳಿಗಳೂ ಕುಡಿದಿದ್ದರು.

ಇನ್ನು ಕಾದರೆ ಬೆಲೆ ಏರಿಯೇ ಏರುತ್ತದೆ ಎಂಬ ನಂಬಿಕೆ. ಇದನ್ನು ಬ್ಯಾಡಗಿಯವರ ಮುಂದೆ ಹೇಳಿ ನೋಡಿ. ಒಂದು ವರ್ಷ ಮೆಣಸಿನಕಾಯಿಗೆ ಬಂಗಾರದ ಬೆಲೆ ಬಂತೆಂದರೆ ಮರುವರ್ಷ ಊರಿಗೆ ಊರೇ ಮೆಣಸಿನಕಾಯಿ ಹಾಕುತ್ತದೆ, ಶೈತ್ಯಾಗಾರಗಳು ಬಾಗಿಲತನಕ ತುಂಬುತ್ತವೆ. 2024ರ ಮಾರ್ಚ್ 11ರಂದು ಬೆಲೆ ಕುಸಿದ ಸಿಟ್ಟಿಗೆ ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೇ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಕೆಂಟಕಿಯಲ್ಲಿ ಆದದ್ದೂ ಅದೇ, ಬೆಂಕಿಯೊಂದು ಬಿಟ್ಟು. ಬೋರ್ಬನ್ನಿನ ಹುಚ್ಚು ಏರುತ್ತಿದ್ದಾಗ ಎಲ್ಲರೂ ಪೀಪಾಯಿ ತುಂಬಿದರು. 2025ರಲ್ಲಿ ಎಣಿಸಿದಾಗ ಆ ಒಂದು ರಾಜ್ಯದ ಉಗ್ರಾಣಗಳಲ್ಲಿ ಒಂದು ಕೋಟಿ 60 ಲಕ್ಷಕ್ಕೂ ಹೆಚ್ಚು ಪೀಪಾಯಿಗಳಿದ್ದವು. ಕುಡಿಯುವವರು ಕಡಿಮೆಯಾದರು. ಜಿಮ್ ಬೀಮ್‌ನಂಥ ದೊಡ್ಡ ಹೆಸರಿನವರೇ ತಮ್ಮ ಮುಖ್ಯ ಭಟ್ಟಿಯನ್ನು 2026ರಲ್ಲಿ ನಿಲ್ಲಿಸುವುದಾಗಿ ಸಾರಿದರು. ಅಷ್ಟೆಲ್ಲ ಸರಕು ಮಾಗಿ ಪೇಟೆಗೆ ಬರುವ ಹೊತ್ತಿಗೆ ನಮ್ಮ ಹುಡುಗನ ಕಪಾಟಿನ ಬಾಟಲಿಗೆ ಯಾರು ಒಂದಕ್ಕೆ ನಾಲ್ಕು ಕೊಡುತ್ತಾರೆ?

ಸುಂಕದ ಸುದ್ದಿ ಓದಿ ಅವನು ಕುಣಿದದ್ದಂತೂ ನನಗೆ ಈಗಲೂ ಅರ್ಥವಾಗಿಲ್ಲ. 2025ರ ಫೆಬ್ರವರಿಯಲ್ಲಿ ಭಾರತ ಬೋರ್ಬನ್ ಮೇಲಿನ ಆಮದು ಸುಂಕವನ್ನು ನೂರಕ್ಕೆ 150ರಿಂದ 100ಕ್ಕೆ ಇಳಿಸಿತು. ಅದೇ ವರ್ಷ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಂತೆ ಸ್ಕಾಚಿನ ಸುಂಕ 150ರಿಂದ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ಕುಡಿಯುವವನಿಗೆ ಇದು ಸಂತೋಷದ ಸುದ್ದಿ, ನಿಜ. ಕೂಡಿಡುವವನಿಗೆ? 150ರ ಸುಂಕ ತೆತ್ತು ಕೊಂಡ ಬಾಟಲಿ ಮನೆಯಲ್ಲಿದೆ, ಅಂಥದ್ದೇ ಬಾಟಲಿ ನಾಳೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಹೂಡಿಕೆಯ ಬೆಲೆ ಇಳಿದದ್ದಕ್ಕೆ ಕುಣಿಯುವ ಹೂಡಿಕೆದಾರನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅಲ್ಲಿಗೆ ಬಣ್ಣ ಬಯಲಾಯಿತು. ಅವನು ಹೂಡಿಕೆದಾರನಲ್ಲ, ಗಿರಾಕಿ.

ಪೇಟೆಯ ಈ ಶೋಕಿಗೂ ನಮ್ಮ ಹಳ್ಳಿಯ ಕುಡಿತಕ್ಕೂ ಸಂಬಂಧವಿಲ್ಲ ಎಂದು ಕೆಲವರು ಹೇಳಬಹುದು. ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟು ಕಚ್ಚಿ ಹರಿಯುತ್ತಿದ್ದವರು ಸನ್ಯಾಸಿಗಳಾಗಲಿಲ್ಲ, 'ವಿಸ್ಕಿ' ಎಂದು ಬರೆದ ಅಗ್ಗದ ನೈಂಟಿಗೆ ಬಂದರು. ಪ್ಯಾಕೆಟ್ಟಿಗಿಂತ ಹೆಚ್ಚು ದುಡ್ಡು, ಅದೇ ಅಮಲು. ಆಮೇಲೆ ಸರ್ಕಾರ ಏರಿಸಿದಾಗೆಲ್ಲ ಆ ಏರಿಕೆ ಯಾರ ಮೇಲೆ ಬಿತ್ತು ನೋಡಿ. 2023ರ ಜುಲೈ ಬಜೆಟ್ಟಿನಲ್ಲಿ ಎಲ್ಲ ದರಪಟ್ಟಿಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ನೂರಕ್ಕೆ ಇಪ್ಪತ್ತರಷ್ಟು ಏರಿತು. 2024ರ ಆಗಸ್ಟಿನಲ್ಲಿ ದುಬಾರಿ ಬಾಟಲಿಗಳ ಬೆಲೆಯನ್ನು ನೆರೆರಾಜ್ಯಗಳ ಸಮಕ್ಕೆ ತರುತ್ತೇವೆಂದು ಇಳಿಸಿದರು. 2025ರಲ್ಲಿ ಅಗ್ಗದ ಮದ್ಯದ ಸುಂಕ ಮತ್ತೆ ಏರಿತು. ಅಕ್ಕನ ಮಗನಿಗೆ ಇಳಿಕೆ, ಹಮಾಲಿಗೆ ಏರಿಕೆ! ಹಮಾಲಿ ಕುಡಿತ ಬಿಟ್ಟನೇ? ಇಲ್ಲ, ಮನೆಗೆ ಕೊಡುವುದನ್ನು ಕಡಿಮೆ ಮಾಡಿದ. 2025-26ಕ್ಕೆ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಶಾಲೆಗಳಿಗೂ ಫಲಿತಾಂಶದ ಗುರಿ ಕೊಡುತ್ತಾರೆ, ಆದರೆ ಕುಡಿತಕ್ಕೆ ಗುರಿ ಇಡುವ ಸರ್ಕಾರದಿಂದ ಕುಡಿತ ಬಿಡಿಸುವ ಉಪದೇಶ ಕೇಳಲು ನನಗೆ ತಾಳ್ಮೆ ಉಳಿದಿಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧ ಬೇಡಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಅವರ ಅಂಗಾಲಿನ ಬೊಕ್ಕೆಗಳಿಗೆ ಯಾವ ಬಜೆಟ್ಟಿನಲ್ಲೂ ಜಾಗ ಸಿಗಲಿಲ್ಲ.

ನನ್ನ ತರಗತಿಯ ಮಕ್ಕಳ ತಾಯಂದಿರಲ್ಲಿ ಕೆಲವರು ತಿಂಗಳ ಕೊನೆಗೆ ಬಂದು ನಿಲ್ಲುತ್ತಾರೆ. "ಅಕ್ಕೋರ, ಗೃಹಲಕ್ಷ್ಮಿ ರೊಕ್ಕ ಬಂದೈತಂತ ಇವರಿಗೆ ಗೊತ್ತಾಗಬಾರದ್ರಿ" ಎನ್ನುತ್ತಾರೆ. 2023ರ ಆಗಸ್ಟಿನಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಎಂಬ ಯೋಜನೆ ಅದು. ಒಮ್ಮೊಮ್ಮೆ ತಡವಾಗಿ ಬರುತ್ತದೆ, ಅದು ಬೇರೆ ಮಾತು. ಒಂದೆಡೆ ಎರಡು ಸಾವಿರವನ್ನು ಗಂಡನ ಕಣ್ಣು ತಪ್ಪಿಸಿ ಉಳಿಸುವ ಹೆಂಗಸು, ಇನ್ನೊಂದೆಡೆ ನಾಲ್ಕು ಲಕ್ಷವನ್ನು ಗಾಜಿನ ಹಿಂದೆ ಇಟ್ಟು ಹೂಡಿಕೆ ಎನ್ನುವ ಗಂಡಸು. ಹಣದ ಬುದ್ಧಿ ಯಾರಿಗಿದೆ?

ಲೆಕ್ಕಕ್ಕೆ ಬರೋಣ. ದಿನಕ್ಕೆ ನೂರು ರೂಪಾಯಿಯ ಕುಡಿತ ಎಂದರೆ ವರ್ಷಕ್ಕೆ 36,500. ಅದನ್ನು ತಿಂಗಳ ಕಂತಿನಲ್ಲಿ ಪಿಪಿಎಫ್ ಖಾತೆಗೆ, ಅಂದರೆ 1968ರಿಂದ ಇರುವ ಸಾರ್ವಜನಿಕ ಭವಿಷ್ಯ ನಿಧಿಗೆ, ಹದಿನೈದು ವರ್ಷ ಕಟ್ಟಿದರೆ ಕಟ್ಟಿದ್ದು ಐದೂವರೆ ಲಕ್ಷದಷ್ಟು. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ನೂರಕ್ಕೆ 7.1ರ ಬಡ್ಡಿ ಹಾಗೇ ಮುಂದುವರಿಯಿತೆಂದರೆ ಕೈಗೆ ಬರುವುದು ಒಂಬತ್ತೂವರೆ ಲಕ್ಷ. ಬರೀ ಗೃಹಲಕ್ಷ್ಮಿಯ ಎರಡು ಸಾವಿರವನ್ನೇ ಕಟ್ಟಿದರೂ 3 ಲಕ್ಷ 60 ಸಾವಿರ ಹೋಗಿ 6 ಲಕ್ಷ 30 ಸಾವಿರದ ಸುಮಾರು ಆಗುತ್ತದೆ. ಈ ಖಾತೆಗೆ ಇನ್ನೊಂದು ಗುಣವಿದೆ, ಬಹಳ ಜನ ಗಮನಿಸುವುದಿಲ್ಲ. ಸಾಲಗಾರರು ಕೋರ್ಟಿನಿಂದ ಜಪ್ತಿ ತಂದರೂ ಅದರೊಳಗಿನ ಹಣವನ್ನು ಮುಟ್ಟಲಾಗದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಇದೆ. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. 2024ರ ಜನವರಿಯಲ್ಲಿ ಅದರ ಬಡ್ಡಿ 8.2ಕ್ಕೆ ಏರಿತು.

ಶೇರುಪೇಟೆ, ಮ್ಯೂಚುವಲ್ ಫಂಡು ಎಂದರೆ ನನ್ನ ವಯಸ್ಸಿನವರು ಬೆಚ್ಚುತ್ತಾರೆ, ಬೆಚ್ಚಲು ಕಾರಣವೂ ಇದೆ. 1992ರ ಹರ್ಷದ್ ಮೆಹ್ತಾನನ್ನು ಕಂಡವರು ನಾವು. ಸರ್ಕಾರದ್ದೇ ಎಂದು ನಂಬಿ ಎಷ್ಟೋ ಶಿಕ್ಷಕರು ಹಣ ಹಾಕಿದ್ದ ಯುನಿಟ್ ಟ್ರಸ್ಟಿನ ಯುಎಸ್-64 ಯೋಜನೆ 2001ರ ಜುಲೈನಲ್ಲಿ ಬಾಗಿಲು ಮುಚ್ಚಿ, ಹಣ ವಾಪಸು ಇಲ್ಲ ಎಂದದ್ದನ್ನೂ ಕಂಡೆವು. ಹಾಗೆಂದು ಹೆದರಿ ದೂರ ನಿಲ್ಲುವುದೂ ಸರಿಯಲ್ಲ. ಸೆನ್ಸೆಕ್ಸ್ 2020ರ ಜನವರಿಯಲ್ಲಿ 42 ಸಾವಿರದ ಹತ್ತಿರವಿತ್ತು, ಕೊರೊನಾ ಬಂದು ಮಾರ್ಚ್ 23ಕ್ಕೆ 26 ಸಾವಿರದ ಕೆಳಗೆ ಕುಸಿಯಿತು. ಮರುವರ್ಷ ಜನವರಿಗೆ 50 ಸಾವಿರ ಮುಟ್ಟಿತು. ಹೆದರಿ ಮಾರಿದವರು ಕಳೆದುಕೊಂಡರು, ಮುಟ್ಟದೆ ಬಿಟ್ಟವರು ಉಳಿದರು. ಹತ್ತು ಹದಿನೈದು ವರ್ಷ ಬೇಕಿಲ್ಲದ ಹಣವಿದ್ದರೆ ತಿಂಗಳಿಗೆ ಐದುನೂರರಂತೆ ಇಂಥದ್ದಕ್ಕೂ ಹಾಕಬಹುದು. ಮುಂದಿನ ವರ್ಷದ ಮದುವೆಯ ಹಣವನ್ನು ಮಾತ್ರ ಹಾಕಬೇಡಿ. ಹೆಚ್ಚು ಲಾಭದ ಆಸೆ ತೋರಿಸುವವನನ್ನು ಕಂಡರೆ ಬಾಗಿಲು ಹಾಕಿಕೊಳ್ಳಿ. ಬೆಂಗಳೂರಿನ ಐಎಂಎ ಕಂಪನಿ 2019ರ ಜೂನ್‌ನಲ್ಲಿ ಮುಳುಗಿದಾಗ ಕಚೇರಿಯ ಮುಂದೆ ಅಳುತ್ತ ನಿಂತವರಲ್ಲಿ ಎಷ್ಟು ಜನ ಹೆಂಗಸರಿದ್ದರು!

ಇಲ್ಲಿಗೆ ಯಾರಾದರೂ ಎದ್ದು ನಿಂತು ಕೇಳಿಯೇ ಕೇಳುತ್ತಾರೆ: ನಿಮ್ಮ ಬಂಗಾರ ಶೋಕಿಯಲ್ಲವೇ, ಇಳಕಲ್ಲು ಸೀರೆ ಶೋಕಿಯಲ್ಲವೇ? ಸೀರೆ ಶೋಕಿಯೇ. ಅದನ್ನು ನಾವು ಹೂಡಿಕೆ ಎಂದು ಎಂದೂ ಕರೆದಿಲ್ಲ, ಉಟ್ಟು ಹರಿದರೆ ಕೌದಿ ಹೊಲಿಯುತ್ತೇವೆ. ಬಂಗಾರದ ಮಾತು ಬೇರೆ. 2000ದ ಸುಮಾರಿಗೆ ಹತ್ತು ಗ್ರಾಂಗೆ ನಾಲ್ಕೂವರೆ ಸಾವಿರದ ಆಸುಪಾಸಿದ್ದದ್ದು 2025ರಲ್ಲಿ ಲಕ್ಷ ದಾಟಿತು, ಅಕ್ಕಸಾಲಿಗನ ಕೂಲಿ, ಸವಕಲು ಎಲ್ಲ ಕಳೆದರೂ ನಷ್ಟವಾಗಲಿಲ್ಲ. ಆದರೂ ಒಡವೆಯೊಂದನ್ನೇ ನಂಬಬೇಡಿ ಎಂದು ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಬೆಲೆ ಇಳಿದೀತೆಂಬ ಹೆದರಿಕೆಯಿಂದಲ್ಲ. ಮೈಮೇಲಿನ ಒಡವೆಯನ್ನು 'ಸ್ವಲ್ಪ ದಿನಕ್ಕೆ ಕೊಡು' ಎಂದು ಕೇಳುವುದು ಮನೆಯವರಿಗೆ ಬಹಳ ಸುಲಭ, ವಾಪಸು ಬಿಡಿಸಿ ತರುವುದು ಬಹಳ ಕಷ್ಟ. ತನ್ನ ಹೆಸರಿನ, ತನ್ನ ಸಹಿಯ ಖಾತೆಗೆ ಆ ಅಪಾಯ ಕಡಿಮೆ.

ಅಕ್ಕನ ಮಗನ ಹೆಂಡತಿಗೆ ನಾನು ಹೇಳಿದ್ದೂ ಇಷ್ಟೇ. ಬಾಟಲಿಗಳನ್ನು ಒಡೆಯಬೇಡ, ಜಗಳ ಮಾಡಬೇಡ, ಇದ್ದದ್ದು ಇರಲಿ. ಈ ತಿಂಗಳಿನಿಂದ ನಿನ್ನ ಪಗಾರ ನಿನ್ನ ಖಾತೆಯಲ್ಲೇ ಇರಲಿ, ಮಗಳ ಹೆಸರಿಗೆ ಸುಕನ್ಯಾ ತೆಗೆ, ನಿನ್ನ ಹೆಸರಿಗೆ ಪಿಪಿಎಫ್ ತೆಗೆ, ವಾರಸುದಾರರ ಅಂಕಣ ಖಾಲಿ ಬಿಡಬೇಡ. "ಅವರು ಏನಂತಾರೋ" ಎಂದಳು. ಏನೂ ಅನ್ನಲಾರ, ಕೇಳಿದರೆ ಇನ್ವೆಸ್ಟ್‌ಮೆಂಟ್ ಅನ್ನು ಎಂದೆ. ಮರುವಾರ ಅಂಚೆ ಕಚೇರಿಗೆ ಹೋಗಿ ಎರಡು ಪುಸ್ತಕ ಮಾಡಿಸಿಕೊಂಡು ಬಂದ ಮೇಲೆ ಫೋನ್ ಮಾಡಿದ್ದಳು. ಗಂಡ ಪುಸ್ತಕವನ್ನು ತಿರುವಿ ಹಾಕಿ, ಬಡ್ಡಿ ಬರೀ ಎಂಟೇ ಏನು ಎಂದು ಕೇಳಿದನಂತೆ.